ಅಜ್ಜನ ಮನೆ ಎಲ್ಲಿತ್ತು? ಹಿರಿಯರು ಬಾಳಿದ ಮನೆಯನ್ನು ಹುಡುಕುವ ಸಮಗ್ರ ಮಾರ್ಗದರ್ಶಿ

ನಮ್ಮಜ್ಜ ಹುಟ್ಟಿ ಬೆಳೆದ ಊರಿನ ಹೆಸರು ನಮಗೆಲ್ಲ ಗೊತ್ತಿತ್ತು. ತಿಪಟೂರು ಕಡೆಯ ಒಂದು ಹಳ್ಳಿ. ಆದರೆ ಆ ಊರಲ್ಲಿ ಯಾವ ಬೀದಿ, ಯಾವ ಮನೆ ಅಂತ ಕೇಳಿದರೆ ಅಪ್ಪನೂ ಸುಮ್ಮನಾಗುತ್ತಿದ್ದರು. ಅವರು ಕೈಗೂಸಾಗಿದ್ದಾಗಲೇ ಮನೆ ಮಾರಿ ಎಲ್ಲರೂ ಊರು ಬಿಟ್ಟಿದ್ದರು. ನಾನು ಹುಡುಕಲು ಶುರು ಮಾಡಿ ಎರಡು ವರ್ಷ ಆದಮೇಲೆ ಆ ಜಾಗದಲ್ಲಿ ಹೋಗಿ ನಿಂತೆ. ಮನೆ ನಂಬರಿನಿಂದ ಅಲ್ಲಿಗೆ ತಲುಪಲಿಲ್ಲ, ನಕ್ಷೆಯಿಂದಲೂ ಅಲ್ಲ. ಹಳೇ ಕ್ರಯಪತ್ರದ ನಾಲ್ಕು ಸಾಲು ದಾರಿ ತೋರಿಸಿತು. ಅದೇ ಚಕ್ಕುಬಂದಿ. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಏನು ಅಂತ ಬರೆದಿರುವ ಭಾಗ.

ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹಳೇ ಮನೆ ಹುಡುಕಬೇಕೆಂದರೆ ಅಕ್ಕಪಕ್ಕದ ಮನೆಯವರನ್ನು ಹುಡುಕಬೇಕು. ನಂಬರು ಬದಲಾಗುತ್ತದೆ, ಬೀದಿಯ ಹೆಸರು ಬದಲಾಗುತ್ತದೆ, ಮನೆಯೇ ಬಿದ್ದುಹೋಗುತ್ತದೆ. ಕಮ್ಮಾರರ ಕುಲುಮೆಯ ಪಕ್ಕದ ಮನೆ ಅನ್ನುವುದು ಮಾತ್ರ ಮೂರು ತಲೆಮಾರು ಉಳಿಯುತ್ತದೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಕೊನೆಗೆ ಆ ನಾಲ್ಕು ಸಾಲಿಗೇ ಬಂದು ಸೇರುತ್ತವೆ.

ಮೊದಲ ಹೆಜ್ಜೆ: ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಕೇಳಿ

ಕಚೇರಿಗೆ ಹೋಗುವ ಮುಂಚೆ ಮನುಷ್ಯರ ಹತ್ತಿರ ಹೋಗಿ. ಅದರಲ್ಲೂ ಮನೆತನದ ಹೆಣ್ಣುಮಕ್ಕಳ ಹತ್ತಿರ. ಗಂಡಸರು ಜಮೀನು ಎಷ್ಟಿತ್ತು, ಯಾರ ಜೊತೆ ವ್ಯಾಜ್ಯ ಇತ್ತು ಅಂತ ಹೇಳುತ್ತಾರೆ. ಹೆಣ್ಣುಮಕ್ಕಳು ಮನೆಯನ್ನು ಹೇಳುತ್ತಾರೆ. ತವರುಮನೆ ಬಿಟ್ಟು ಬಂದ ದಿನದ ಮನೆ ಅವರ ಮನಸ್ಸಿನಲ್ಲಿ ಹಾಗೇ ನಿಂತಿರುತ್ತದೆ.

"ಮನೆ ಎಲ್ಲಿತ್ತು?" ಅಂತ ಕೇಳಬೇಡಿ. ಅದಕ್ಕೆ ಸಿಗುವ ಉತ್ತರ "ಊರೊಳಗೆ" ಅಂತ ಅಷ್ಟೇ. ದಿನದ ಕೆಲಸಗಳನ್ನು ಕೇಳಿ. ನೀರು ಎಲ್ಲಿಂದ ತರುತ್ತಿದ್ದಿರಿ? ಬಾವಿಗೆ ಹೋಗುವಾಗ ಯಾರ ಮನೆ ಮುಂದೆ ಹಾದು ಹೋಗಬೇಕಿತ್ತು? ಬೆಳಗಿನ ಬಿಸಿಲು ಜಗುಲಿಗೆ ಬೀಳುತ್ತಿತ್ತಾ, ಹಿತ್ತಲಿಗಾ? ತೇರು ಮನೆ ಮುಂದೆ ಬರುತ್ತಿತ್ತಾ? ದನ ಒಳಗೇ ಕಟ್ಟುತ್ತಿದ್ದಿರಾ? ಮನೆ ಎಷ್ಟು ಅಂಕಣದ್ದು (ಅಂಕಣ ಅಂದರೆ ಕಂಬಗಳ ನಡುವಿನ ಜಾಗ)? ಮಾಳಿಗೆಯಾ, ಹೆಂಚಿನದಾ? ಬೆಳಗಿನ ಬಿಸಿಲಿನ ಒಂದು ಪ್ರಶ್ನೆಯಿಂದಲೇ ಬಾಗಿಲು ಯಾವ ದಿಕ್ಕಿಗಿತ್ತು ಅನ್ನುವುದು ಗೊತ್ತಾಗಿಬಿಡುತ್ತದೆ.

ನಮ್ಮ ದೊಡ್ಡತ್ತೆ ಊರು ಬಿಟ್ಟಾಗ ಹತ್ತು ವರ್ಷದ ಹುಡುಗಿ. ಅವರು ಹೇಳಿದ್ದು ಇಷ್ಟು: "ನಿಮ್ಮಪ್ಪ ಇನ್ನೂ ತೊಟ್ಟಿಲಲ್ಲಿದ್ದ ಕಣಪ್ಪ. ರಾಗಿ ಕೊಯ್ಲು ಮುಗಿದಿತ್ತು. ನಾನು ಅಡುಗೆಮನೆ ಒಳಕಲ್ಲಿನ ಮೇಲೆ ಕೂತು ಅಳ್ತಿದ್ದೆ. ಅದರ ಬಾಯಿ ಒಂದು ಕಡೆ ಚಕ್ಕೆ ಎದ್ದಿತ್ತು, ಬಟ್ಟೆಗೆ ಸಿಕ್ಕಿ ಲಂಗ ಹರೀತು." ಕಥೆ ಅಂತ ಕೇಳಿಸಿಕೊಂಡೆ. ಆದರೆ ಇದರಲ್ಲಿ ಎರಡು ಗಟ್ಟಿ ಸುಳಿವು ಇದ್ದವು. ಅಪ್ಪ ಹುಟ್ಟಿದ್ದು 1951ರಲ್ಲಿ. ರಾಗಿ ಕೊಯ್ಲು ಮುಗಿದಿತ್ತು ಅಂದರೆ ಆ ವರ್ಷದ ಕೊನೆ ಅಥವಾ 1952ರ ಮೊದಲ ತಿಂಗಳುಗಳು. ಮನೆ ಮಾರಿದ ಕಾಲ ಸಿಕ್ಕಿತು. ಒಳಕಲ್ಲಿನ ವಿಷಯ ಕೊನೆಯಲ್ಲಿ ಉಪಯೋಗಕ್ಕೆ ಬಂತು.

ಮಾತಾಡುವಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರನ್ನು ಕೇಳಿಯೇ ಮಾಡಿ. ಆಮೇಲೆ ಒಂದು ಹಾಳೆ ಕೊಟ್ಟು ಮನೆಯ ಒಳಗಿನ ನಕ್ಷೆ ಬರೆಸಿ. ಬರೆಯಲು ಬರದಿದ್ದರೆ ನೆಲದ ಮೇಲೆ ಕಡ್ಲೆಕಾಳು ಇಟ್ಟು ತೋರಿಸಲಿ. ಒಂದೇ ಸಲಕ್ಕೆ ಎಲ್ಲ ನೆನಪಾಗುವುದಿಲ್ಲ. ಒಂದು ವಾರ ಬಿಟ್ಟು ಮತ್ತೆ ಹೋಗಿ.

ಎರಡನೇ ಹೆಜ್ಜೆ: ಟ್ರಂಕಿನಲ್ಲಿರುವ ಕಾಗದ

ಪ್ರತಿ ಮನೆಯಲ್ಲೂ ಒಂದು ಹಳೇ ಟ್ರಂಕು ಇರುತ್ತದೆ, ಅಲ್ವಾ? ಅದರಲ್ಲಿ ಮದುವೆಯ ಲಗ್ನಪತ್ರಿಕೆ, ಕಂದಾಯದ ರಸೀದಿ, ಶಾಲೆಯ ಟಿಸಿ, ಹಳೇ ರೇಷನ್ ಕಾರ್ಡು, ರೇಡಿಯೋ ಲೈಸೆನ್ಸ್ ಪುಸ್ತಕ, ಪೋಸ್ಟ್‌ಕಾರ್ಡುಗಳು ಇರಬಹುದು. ಒಂದೊಂದರಲ್ಲೂ ಒಂದು ವಿಳಾಸ ಇರುತ್ತದೆ.

ಪೋಸ್ಟ್‌ಕಾರ್ಡಿನಲ್ಲಿ ಬರೆದ ವಿಷಯಕ್ಕಿಂತ ವಿಳಾಸ ಮತ್ತು ಅಂಚೆ ಮುದ್ರೆ ಮುಖ್ಯ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಮುದ್ರೆಯ ತಾರೀಖು ಮಸುಕಾಗಿದ್ದು ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಆ ಕಾಗದ ಅದಕ್ಕಿಂತ ಈಚಿನದು ಅಂತ ಖಚಿತ. ಇಲ್ಲದಿದ್ದರೆ ಹಳೆಯದು ಅಂತ ಹೇಳಲಾಗದು. ಪಿನ್‌ಕೋಡ್ ಬಂದಮೇಲೂ ಎಷ್ಟೋ ವರ್ಷ ಜನ ಬರೆಯುತ್ತಿರಲಿಲ್ಲ.

ತಾರೀಖಿನ ಬದಲು ಸಂವತ್ಸರದ ಹೆಸರು ಮಾತ್ರ ಇದ್ದರೆ ಗಾಬರಿ ಬೇಡ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಪ್ರಭವ ಅಂದರೆ 1927-28 ಅಥವಾ 1987-88. ಎರಡರಲ್ಲಿ ಯಾವುದು ಅನ್ನುವುದು ಕಾಗದ ನೋಡಿದರೆ ತಿಳಿಯುತ್ತದೆ. ಶಾಲಿವಾಹನ ಶಕೆ ಇದ್ದರೆ 78 ಕೂಡಿಸಿ. ಕಲಬುರಗಿ, ರಾಯಚೂರು, ಬೀದರ್ ಕಡೆಯ ಕಾಗದದಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕದ ವರ್ಷ) ಇದ್ದರೆ ಸುಮಾರು 590 ಕೂಡಿಸಬೇಕು.

ಮೂರನೇ ಹೆಜ್ಜೆ: ಇನಿಷಿಯಲ್ ಮತ್ತು ಅಡ್ಡಹೆಸರು

ಹಳೇ ಮೈಸೂರು ಕಡೆ ಎರಡು ಇನಿಷಿಯಲ್ ಇದ್ದರೆ ಮೊದಲನೆಯದು ಸಾಮಾನ್ಯವಾಗಿ ಊರು, ಎರಡನೆಯದು ತಂದೆ. ಕುವೆಂಪು ಅಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಈ ಊರಿನ ಅಕ್ಷರ ಎಷ್ಟೋ ಸಲ ತುಂಬಾ ಹಿಂದಕ್ಕೆ ಹೋಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಆದರೆ ಅವರ ಹೆಸರಿನ ಮೋಕ್ಷಗುಂಡಂ ಈಗಿನ ಆಂಧ್ರಪ್ರದೇಶದ ಊರು, ಅವರ ಪೂರ್ವಿಕರು ಅಲ್ಲಿಂದ ಬಂದವರು. ನಿಮ್ಮ ಅಜ್ಜನ ಇನಿಷಿಯಲ್ ಅವರು ಹುಟ್ಟಿದ ಊರಿನದಾ, ಅದಕ್ಕೂ ಹಿಂದಿನ ಊರಿನದಾ ಅಂತ ಕೇಳಿ ತಿಳಿದುಕೊಳ್ಳಿ.

ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಅಡ್ಡಹೆಸರಾಗಿರುವುದು ಜಾಸ್ತಿ. ಒಂದು ವಿಷಯ ಗಮನಿಸಿ. ಊರಲ್ಲೇ ಇದ್ದವರಿಗೆ ಆ ಊರಿನ ಅಡ್ಡಹೆಸರು ಅಷ್ಟಾಗಿ ಅಂಟುವುದಿಲ್ಲ. ಊರು ಬಿಟ್ಟು ಬೇರೆ ಕಡೆ ನೆಲೆಸಿದ ಮೇಲೆ "ಇಂಥ ಊರಿನವರು" ಅಂತ ಜನ ಗುರುತಿಸುತ್ತಾರೆ. ಅಂದರೆ ಅಡ್ಡಹೆಸರಿನ ಊರು ಎಷ್ಟೋ ಸಲ ಬಿಟ್ಟು ಬಂದ ಊರು.

ತುಳುನಾಡಿನವರಿಗೆ ಇನ್ನೊಂದು ದಾರಿ ಇದೆ, ಮೂಲ ನಾಗಬನ. ಕುಟುಂಬ ಎಲ್ಲೆಲ್ಲಿಗೋ ಚದುರಿದ್ದರೂ ನಾಗನ ಸೇವೆಗೆ ಮೂಲಸ್ಥಾನಕ್ಕೇ ಹೋಗಬೇಕು ಅನ್ನುವ ನಂಬಿಕೆಯಿಂದ ಆ ಜಾಗದ ನೆನಪು ಉಳಿದಿದೆ. ಮೂಲ ಮನೆ ಸಾಮಾನ್ಯವಾಗಿ ಬನದ ಆಸುಪಾಸಿನಲ್ಲೇ ಇರುತ್ತದೆ. ಕೊಡವರಿಗೆ ಐನ್‌ಮನೆ ಇದೆ, ಅಂದರೆ ಇಡೀ ಕುಲದ ಮೂಲ ಮನೆ. ಬಯಲುಸೀಮೆಯವರು ಮನೆದೇವರು ಯಾವ ಊರಿನದು ಅಂತ ನೋಡಿ. ಆದರೆ ಮನೆದೇವರ ಊರು ಮತ್ತು ಮನೆ ಇದ್ದ ಊರು ಒಂದೇ ಅಂತ ತಿಳಿಯಬೇಡಿ. ಅದು ದಿಕ್ಕು ತೋರಿಸುತ್ತದೆ ಅಷ್ಟೇ.

ನಾಲ್ಕನೇ ಹೆಜ್ಜೆ: ಊರನ್ನು ಗಟ್ಟಿ ಮಾಡಿಕೊಳ್ಳಿ

ಇಲ್ಲಿ ನಾನು ಎರಡು ತಿಂಗಳು ಕಳೆದುಕೊಂಡೆ. ಅಜ್ಜನ ಊರಿನ ಹೆಸರಿನದೇ ಇನ್ನೊಂದು ಹಳ್ಳಿ ಅದೇ ತಾಲ್ಲೂಕಿನಲ್ಲಿತ್ತು, ಬೇರೆ ಹೋಬಳಿಯಲ್ಲಿ. ನಾನು ಅರ್ಜಿಯಲ್ಲಿ ಹೋಬಳಿ ಬರೆದಿರಲಿಲ್ಲ. ಕಚೇರಿಯವರು ಕೇಳಲೂ ಇಲ್ಲ. ದುಡ್ಡು ಕಟ್ಟಿಸಿಕೊಂಡು ಆ ಇನ್ನೊಂದು ಹಳ್ಳಿಯ ನಕಲು ಕೊಟ್ಟರು. ಅದರಲ್ಲಿ ಅಜ್ಜನ ಹೆಸರಿನವರೇ ಒಬ್ಬರು ಇದ್ದದ್ದರಿಂದ ನಾನೂ ನಂಬಿಬಿಟ್ಟೆ. ತಂದೆಯ ಹೆಸರು ಹೊಂದುತ್ತಿಲ್ಲ ಅಂತ ಆಮೇಲೆ ಹೊಳೆಯಿತು.

ಹೊಸಹಳ್ಳಿ, ಬಸವನಹಳ್ಳಿ, ರಾಮಪುರ ಅನ್ನುವ ಊರುಗಳು ನಮ್ಮಲ್ಲಿ ಎಷ್ಟು ಇವೆ ಅಂತ ನಿಮಗೇ ಗೊತ್ತು. ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ, ಈ ನಾಲ್ಕನ್ನೂ ಒಟ್ಟಿಗೆ ಬರೆಯಿರಿ. ಈಗಿನದ್ದನ್ನೂ ಬರೆಯಿರಿ, ಆಗಿನದ್ದನ್ನೂ ಬರೆಯಿರಿ. ಯಾಕೆಂದರೆ ಜಿಲ್ಲೆಗಳು ಒಡೆದಿವೆ. ಗದಗ, ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆ. ಉಡುಪಿ ಅದೇ ವರ್ಷ ದಕ್ಷಿಣ ಕನ್ನಡದಿಂದ ಬೇರೆಯಾಯಿತು. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ. ಹಳೇ ಕಡತ ಕೆಲವು ಸಲ ಹಳೇ ಜಿಲ್ಲೆಯಲ್ಲೇ ಉಳಿದಿರುತ್ತದೆ.

1956ರ ನವೆಂಬರ್ 1ಕ್ಕಿಂತ ಹಿಂದಕ್ಕೆ ಹೋದರೆ ರಾಜ್ಯವೇ ಬೇರೆ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬಯಿ ಆಡಳಿತದಲ್ಲಿದ್ದವು. ಅಲ್ಲಿನ ತೀರಾ ಹಳೇ ಕಾಗದ ಮೋಡಿ ಲಿಪಿಯ ಮರಾಠಿಯಲ್ಲಿ ಸಿಗಬಹುದು. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಹೈದರಾಬಾದಿನಲ್ಲಿದ್ದವು, ಅಲ್ಲಿ ಉರ್ದು. ದಕ್ಷಿಣ ಕನ್ನಡ, ಕೊಳ್ಳೇಗಾಲ ಮದರಾಸಿನಲ್ಲಿದ್ದವು. ಬಳ್ಳಾರಿಯೂ ಮದರಾಸಿನಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ಕೊಡಗು ಪ್ರತ್ಯೇಕ ರಾಜ್ಯ. ಮೋಡಿ ಅಥವಾ ಉರ್ದು ಕಾಗದ ಸಿಕ್ಕರೆ ಓದಲು ಬಲ್ಲವರಿಗೆ ದುಡ್ಡು ಕೊಟ್ಟಾದರೂ ಪೂರ್ತಿ ಓದಿಸಿ. ಹೆಸರು ಮಾತ್ರ ನೋಡಿಸಿ ಬಿಟ್ಟರೆ ಚಕ್ಕುಬಂದಿ ತಪ್ಪಿಹೋಗುತ್ತದೆ.

ಐದನೇ ಹೆಜ್ಜೆ: ಪಹಣಿಯಿಂದ ಏನು ಸಿಗುತ್ತದೆ, ಏನು ಸಿಗಲ್ಲ

ಎಲ್ಲರೂ ಮೊದಲು ಓಡುವುದು ಪಹಣಿಗೆ. ಉತ್ತರ ಕರ್ನಾಟಕದಲ್ಲಿ ಉತಾರ ಅನ್ನುತ್ತಾರೆ. ಪಹಣಿ ಹೊಲ ಗದ್ದೆ ತೋಟದ ದಾಖಲೆ. ಊರೊಳಗಿನ ಮನೆಗಳು ಗ್ರಾಮಠಾಣಾದಲ್ಲಿ, ಅಂದರೆ ಜನವಸತಿಗೆ ಬಿಟ್ಟ ಜಾಗದಲ್ಲಿರುತ್ತವೆ, ಅಲ್ಲಿನ ಮನೆಗಳಿಗೆ ಸಾಮಾನ್ಯವಾಗಿ ಪಹಣಿ ಇರುವುದಿಲ್ಲ. ಅಜ್ಜನದು ತೋಟದ ಮನೆಯಾಗಿದ್ದರೆ ಮಾತ್ರ ಸರ್ವೆ ನಂಬರಿನಲ್ಲೇ ಮನೆಯ ಜಾಗವೂ ಸಿಗುತ್ತದೆ.

ಹಾಗಂತ ಪಹಣಿ ಬಿಡಬೇಡಿ. ಅಜ್ಜ ಆ ಊರಿನಲ್ಲಿ ಯಾವಾಗಿನಿಂದ ಯಾವಾಗಿನವರೆಗೆ ಇದ್ದರು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. 9ನೇ ಕಲಮಿನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಜಮೀನು ಹೇಗೆ ಬಂತು ಅನ್ನುವುದು ಮ್ಯುಟೇಶನ್ (ಖಾತೆ ಬದಲಾವಣೆ) ನಂಬರಿನ ಸಮೇತ ಇರುತ್ತದೆ. ಕಂಪ್ಯೂಟರಿಗೆ ಬಂದ ಪಹಣಿಗಳು ಭೂಮಿ ತಂತ್ರಾಂಶದಲ್ಲಿ ಸಿಗುತ್ತವೆ. ಅದಕ್ಕಿಂತ ಹಿಂದಿನ ಕೈಬರಹದ ಪಹಣಿ, ಆರ್.ಆರ್. (ಹಕ್ಕುಗಳ ದಾಖಲೆ), ಐ.ಎಲ್. (ಜಮೀನುಗಳ ಸೂಚಿ) ಪುಸ್ತಕಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ತಾಲ್ಲೂಕಿನದು ಆಗಿದೆಯಾ ಅಂತ ಮೊದಲು ವಿಚಾರಿಸಿ.

ಅಲ್ಲಿ ಪೌತಿ ಖಾತೆಯ ಕಡತ ಇದ್ದರೆ ಖಂಡಿತ ಕೇಳಿ. ಮುತ್ತಜ್ಜ ತೀರಿಕೊಂಡು ಜಮೀನು ಅಜ್ಜನ ಹೆಸರಿಗೆ ಆದಾಗ ಮಾಡಿದ ಕಡತ ಅದು. ಒಳಗೆ ವಂಶವೃಕ್ಷ, ಮಹಜರು (ಸಾಕ್ಷಿಗಳ ಎದುರು ಸ್ಥಳದಲ್ಲೇ ಬರೆದ ವರದಿ) ಇರಬಹುದು. ಮಹಜರಿಗೆ ಸಹಿ ಹಾಕಿದವರು ಹೆಚ್ಚಾಗಿ ಅಕ್ಕಪಕ್ಕದವರೇ. ಆ ಹೆಸರುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಗೇಣಿದಾರರ ಕುಟುಂಬವಾಗಿದ್ದರೆ 1974ರ ಭೂ ಸುಧಾರಣೆಯ ಕಡತ ಚಿನ್ನದಂಥದ್ದು. ಗೇಣಿದಾರರು ಸಲ್ಲಿಸಿದ ನಮೂನೆ 7ರ ಅರ್ಜಿ, ಭೂ ನ್ಯಾಯಮಂಡಳಿಯ ಮುಂದೆ ಕೊಟ್ಟ ಹೇಳಿಕೆ, ಆದೇಶ ಎಲ್ಲ ಅದರಲ್ಲಿರುತ್ತವೆ. ಎಷ್ಟು ವರ್ಷದಿಂದ ಉಳುತ್ತಿದ್ದೇವೆ, ವಾಸ ಎಲ್ಲಿ ಅಂತ ಅವರೇ ಹೇಳಿದ ಮಾತು ಅದು. ಸ್ವಂತ ಜಮೀನಿಲ್ಲದ ಹಿರಿಯರ ಮಾತು ಸರ್ಕಾರದ ಕಾಗದದಲ್ಲಿ ಉಳಿದಿರುವ ಜಾಗ ಅಪರೂಪ. ಇದು ಅಂಥ ಒಂದು ಜಾಗ.

ಆರನೇ ಹೆಜ್ಜೆ: ಕ್ರಯಪತ್ರ, ಅದರೊಳಗಿನ ನಾಲ್ಕು ಸಾಲು

ಮನೆ ಮಾರಿದವರ ಹತ್ತಿರ ಕ್ರಯಪತ್ರ ಇರುವುದಿಲ್ಲ. ಕೊಂಡವರ ಹತ್ತಿರ ಇರುತ್ತದೆ. ಆದರೆ ನೋಂದಣಿ ಆಗಿದ್ದರೆ ಅದರ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ಇದ್ದೇ ಇರುತ್ತದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ಒಂದನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. "ನಿಮಗೇನು ಸಂಬಂಧ?" ಅಂತ ಕೇಳಿದರೆ ಈ ಕಲಮಿನ ನಂಬರು ಹೇಳಿ. ಜಗಳದ ಧ್ವನಿಯಲ್ಲಿ ಬೇಡ. ಹಳೇ ಪುಸ್ತಕವನ್ನು ಕಪಾಟಿನಿಂದ ಇಳಿಸಿ ಕೊಡಬೇಕಾದವರು ಅವರೇ.

ಸುಮಾರು 2004ರಿಂದ ಈಚಿನ ನೋಂದಣಿ ಕಾವೇರಿ ತಂತ್ರಾಂಶದಲ್ಲಿದೆ, ಇಸಿ (ಋಣಭಾರ ಪ್ರಮಾಣಪತ್ರ) ಆನ್‌ಲೈನಿನಲ್ಲೇ ಬರುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಕೈಯಿಂದಲೇ ಹುಡುಕಬೇಕು. ಸೂಚಿಯಲ್ಲಿ ಎರಡು ಬಗೆ. ಒಂದು ಹೆಸರಿನ ಪ್ರಕಾರ, ಇನ್ನೊಂದು ಆಸ್ತಿಯ ಪ್ರಕಾರ. ನಮಗೆ ಬೇಕಾದದ್ದು ಹೆಸರಿನದು. ಎಷ್ಟು ವರ್ಷ ಹುಡುಕಿಸುತ್ತೀರೋ ಅಷ್ಟಕ್ಕೂ ಶುಲ್ಕ ಕಟ್ಟಬೇಕು. ಅದಕ್ಕೇ ವರ್ಷ ಮೊದಲೇ ಗೊತ್ತಿರಬೇಕು. ದೊಡ್ಡತ್ತೆಯ ರಾಗಿ ಕೊಯ್ಲಿನ ಮಾತಿನಿಂದ ನಾನು ಎರಡೇ ವರ್ಷ ಹುಡುಕಿಸಿದೆ. ಎರಡನೇ ದಿನ ಅಜ್ಜನ ಹೆಸರು ಸಿಕ್ಕಿತು.

ಆ ಪತ್ರದ ಕೊನೆಯಲ್ಲಿ ಷೆಡ್ಯೂಲ್, ಅಂದರೆ ಆಸ್ತಿಯ ವಿವರ ಇತ್ತು. ಎಂಟು ಅಂಕಣದ ನಾಡಹೆಂಚಿನ ಮನೆ, ಹಿತ್ತಲು ಸಹಿತ. ಪೂರ್ವಕ್ಕೆ ಕಮ್ಮಾರರ ಕುಲುಮೆ. ಪಶ್ಚಿಮಕ್ಕೆ ಓಣಿ. ಉತ್ತರಕ್ಕೆ ಅಜ್ಜನ ದಾಯಾದಿಯ ಹಿತ್ತಲು. ದಕ್ಷಿಣಕ್ಕೆ ಊರಬಾವಿಗೆ ಹೋಗುವ ದಾರಿ. ಆ ಸಾಲು ಓದುವಾಗ ಕೈ ನಡುಗಿತು. ದೊಡ್ಡತ್ತೆ ಕೊಡ ಹಿಡಿದು ಹೋಗುತ್ತಿದ್ದ ದಾರಿ ಅದು.

ಚಕ್ಕುಬಂದಿ ಓದುವಾಗ ಮೂರು ವಿಷಯ ನೆನಪಿಡಿ. ಅದರಲ್ಲಿರುವ ಹೆಸರು ಆ ದಿನ ಇದ್ದವರದ್ದು, ಈಗ ಅವರ ಮೊಮ್ಮಕ್ಕಳನ್ನು ಕೇಳಬೇಕು. ದಾರಿ, ಬಾವಿ, ದೇವಸ್ಥಾನ, ಕಟ್ಟೆ ಇಂಥವು ಮನುಷ್ಯರ ಹೆಸರಿಗಿಂತ ಗಟ್ಟಿ ಗುರುತು. ಮೂರನೆಯದು ತುಂಬಾ ಮುಖ್ಯ. ನಿಮ್ಮ ಮನೆಯ ಪತ್ರ ಸಿಗದಿದ್ದರೆ ಪಕ್ಕದ ಮನೆಯವರ ಪತ್ರ ಹುಡುಕಿ. ಅವರ ಚಕ್ಕುಬಂದಿಯಲ್ಲಿ ನಿಮ್ಮ ಅಜ್ಜನ ಹೆಸರು ಇರುತ್ತದೆ. ಮಹಜರಿನಿಂದ ಬರೆದಿಟ್ಟುಕೊಂಡ ಹೆಸರುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ಏಳನೇ ಹೆಜ್ಜೆ: ಪಂಚಾಯ್ತಿ, ಪಟ್ಟಣ, ಶಾಲೆ, ಮತದಾರರ ಪಟ್ಟಿ

ಹಳ್ಳಿ ಮನೆಯ ಕಂದಾಯದ ಲೆಕ್ಕ ಗ್ರಾಮ ಪಂಚಾಯ್ತಿಯ ಡಿಮ್ಯಾಂಡ್ ರಿಜಿಸ್ಟರಿನಲ್ಲಿರುತ್ತದೆ. ಈಗ ಪಂಚಾಯ್ತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯಾದ ಇ-ಸ್ವತ್ತಿನಲ್ಲಿ ಹೊಸ ನಂಬರು ಬಂದಿದೆ. ಹಳೇ ಪುಸ್ತಕ ಇದ್ದರೆ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಹಿಂದಕ್ಕೆ ಹೋಗುತ್ತಾ ನಂಬರು ಹೇಗೆ ಬದಲಾಗಿದೆ ಅಂತ ನೋಡಿ. ಸುಮ್ನೆ ಬಾಯಲ್ಲಿ ಕೇಳಿದರೆ ಕೆಲವು ಕಡೆ "ಹಳೇದು ಇಲ್ಲ" ಅನ್ನುತ್ತಾರೆ. ಆಗ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಬರಹದಲ್ಲಿ ಉತ್ತರ ಕೊಡಲೇಬೇಕು. ಅರ್ಜಿಯಲ್ಲಿ ಯಾವ ವರ್ಷದ ಯಾವ ಪುಸ್ತಕ ಅಂತ ಬಿಡಿಸಿ ಬರೆಯಿರಿ.

ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಂಥ ಊರುಗಳಲ್ಲಿ ಸಿಟಿ ಸರ್ವೆ ಆಗಿದೆ. ಅಲ್ಲಿ ಸಿಟಿಎಸ್ ನಂಬರು (ಸಿಟಿ ಸರ್ವೆಯ ನಂಬರು) ಗೊತ್ತಾದರೆ ಕೆಲಸ ಹಗುರ. ಬೆಂಗಳೂರಿನಲ್ಲಿ ಒಂದೇ ಮನೆಗೆ ಹಳೇ ನಂಬರು, ಹೊಸ ನಂಬರು ಎರಡೂ ಇರುತ್ತವೆ. ಪತ್ರದಲ್ಲಿರುವುದು ಯಾವುದು ಅಂತ ಮೊದಲು ತಿಳಿಯಿರಿ. ಕುಟುಂಬ 1898ರ ಆಸುಪಾಸಿನಲ್ಲಿ ಪೇಟೆ ಬಿಟ್ಟಿದ್ದರೆ ಪ್ಲೇಗು ಕಾರಣ ಇರಬಹುದು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲೇ. ಹಳ್ಳಿಗಳಲ್ಲೂ ಪ್ಲೇಗು ಬಂದಾಗ ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಕೆಲವರು ತಿರುಗಿ ಹಳೇ ಮನೆಗೆ ಹೋಗಲೇ ಇಲ್ಲ.

ಶಾಲೆಯ ದಾಖಲಾತಿ ಪುಸ್ತಕ ಮರೆಯಬೇಡಿ. ಅಜ್ಜ ಓದದಿದ್ದರೂ ಅವರ ತಮ್ಮ, ಮಗ ಯಾರಾದರೂ ಓದಿರುತ್ತಾರೆ. 2002ರ ಮತದಾರರ ಪಟ್ಟಿಯನ್ನು ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ವೆಬ್‌ಸೈಟಿನಲ್ಲಿ ಹಾಕಿದ್ದಾರೆ, ಮನೆ ನಂಬರು ಸಮೇತ. ಇತ್ತೀಚಿನವರೆಗೂ ಊರಲ್ಲಿದ್ದ ದಾಯಾದಿಗಳನ್ನು ಹುಡುಕಲು ಅದು ಸಾಕು. ಜನಗಣತಿಯಿಂದ ಮನೆಮನೆಯ ಹಾಳೆ ಸಿಗುತ್ತದೆ ಅಂತ ಪರದೇಶದವರು ಹೇಳುತ್ತಾರೆ. ನಮ್ಮಲ್ಲಿ ಅದಕ್ಕೆ ಕಾಯಬೇಡಿ. 1948ರ ಜನಗಣತಿ ಕಾಯ್ದೆಯಲ್ಲಿ ಆ ವಿವರ ಗುಟ್ಟಾಗಿರಬೇಕು ಅಂತಿದೆ.

ಎಂಟನೇ ಹೆಜ್ಜೆ: ಹೆಳವರು ಮತ್ತು ತೀರ್ಥಕ್ಷೇತ್ರದ ಪುರೋಹಿತರು

ಕಾಗದ ಮುಗಿದ ಕಡೆ ಹೆಳವರು ಶುರುವಾಗುತ್ತಾರೆ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಊರೂರು ತಿರುಗಿ ಮನೆತನದ ವಂಶಾವಳಿ ಹೇಳುವವರು. ಮೂಲ ಪುರುಷ ಯಾರು, ಯಾವ ಊರಿನಿಂದ ಹೊರಟರು, ಎಲ್ಲಿ ನೆಲೆ ನಿಂತರು, ಅಣ್ಣತಮ್ಮಂದಿರು ಎಲ್ಲೆಲ್ಲಿ ಒಡೆದು ಹೋದರು ಅಂತ ಹಾಡಿನ ಹಾಗೆ ಹೇಳುತ್ತಾರೆ. ದವಸ, ಬಟ್ಟೆ, ದುಡ್ಡು ಕೊಟ್ಟು ಕಳಿಸುವುದು ವಾಡಿಕೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನೂ ಸೇರಿಸಿಕೊಂಡು ಹೋಗುತ್ತಾರೆ. ನಮಗೆ ಬೇಕಾದ "ಯಾವ ಊರಿನಿಂದ ಯಾವ ಊರಿಗೆ" ಅನ್ನುವ ದಾರಿ ಬೇರೆ ಯಾವ ದಾಖಲೆಯಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಅವರನ್ನು ಹುಡುಕುವುದು ಹೇಗೆ? ಊರಲ್ಲಿ ಉಳಿದಿರುವ ನಿಮ್ಮ ಕುಲದವರನ್ನು ಕೇಳಿ. ಹೆಳವರಿಗೆ ಇಂಥಿಂಥ ಮನೆತನಗಳು ಅಂತ ಹಂಚಿಕೆ ಇರುತ್ತದೆ. ನಿಮ್ಮ ಮನೆತನದ ಹೆಳವರು ಯಾರು, ಯಾವ ತಿಂಗಳಲ್ಲಿ ಬರುತ್ತಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ಬಂದಾಗ ಅವಸರ ಮಾಡಬೇಡಿ. ಪೂರ್ತಿ ಹೇಳಲು ಬಿಡಿ, ಆಮೇಲೆ ಪ್ರಶ್ನೆ ಕೇಳಿ. ಅವರಿಗೆ ಕೊಡಬೇಕಾದ ಗೌರವವನ್ನೂ ಕಾಣಿಕೆಯನ್ನೂ ಕೈತುಂಬಾ ಕೊಡಿ. ನೂರಾರು ಮನೆತನದ ನೆನಪನ್ನು ಹೊತ್ತು ನಡೆದ ಜನ ಅವರು. ಹಿಂದಿನ ತಲೆಮಾರಿನ ಲೆಕ್ಕದಲ್ಲಿ ಹೆಸರು ಹಿಂದುಮುಂದಾಗಿರಬಹುದು, ಆದ್ದರಿಂದ ಊರಿನ ಹೆಸರುಗಳನ್ನು ನಕ್ಷೆಯಲ್ಲಿ ಹಾಕಿ ನೋಡಿ.

ಹಿರಿಯರು ಕಾಶಿ, ಗಯಾ, ತ್ರ್ಯಂಬಕೇಶ್ವರಕ್ಕೆ ಹೋಗಿದ್ದರೆ ಅಲ್ಲಿನ ಪುರೋಹಿತರ ವಹಿಗಳಲ್ಲೂ ಊರು, ಹೆಸರು, ಕೆಲವು ಸಲ ಅವರದೇ ಕೈಬರಹ ಸಿಗುತ್ತದೆ.

ಒಂಬತ್ತನೇ ಹೆಜ್ಜೆ: ಊರೇ ಇಲ್ಲದಿದ್ದರೆ

ಕಂದಾಯ ದಾಖಲೆಯಲ್ಲಿ ಬೇಚಿರಾಕ್ ಗ್ರಾಮ ಅಂತ ಒಂದು ಮಾತಿದೆ. ಬೇಚರಾಕ್ ಅಂತಲೂ ಬರೆಯುತ್ತಾರೆ. ಪಾರಸಿಯ ಮಾತು, ದೀಪವಿಲ್ಲದ್ದು ಅಂತ ಅರ್ಥ. ಮನೆಗಳಿಲ್ಲ, ದೀಪ ಹಚ್ಚುವವರಿಲ್ಲ, ಆದರೆ ಸರ್ವೆ ನಂಬರುಗಳು ಆ ಊರಿನ ಹೆಸರಲ್ಲೇ ಇವೆ. ಗೂಗಲ್ ನಕ್ಷೆಯಲ್ಲಿ ಊರು ಕಾಣದಿದ್ದರೆ ಊರೇ ಸುಳ್ಳು ಅಂದುಕೊಳ್ಳಬೇಡಿ. ಭೂಮಿಯ ಗ್ರಾಮಗಳ ಪಟ್ಟಿಯಲ್ಲಿ ಹುಡುಕಿ, ಭೂದಾಖಲೆಗಳ ಇಲಾಖೆಯ ಗ್ರಾಮ ನಕ್ಷೆ ಇಳಿಸಿಕೊಳ್ಳಿ, ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ಆ ಜಾಗಕ್ಕೆ ಹೋಗಿ. ಹಾಳುಬಾವಿ, ಹುಣಸೆಮರ, ಒಂಟಿ ಗುಡಿ ಇದ್ದರೆ ಊರು ಅಲ್ಲೇ ಇತ್ತು.

ನೀರಿನಲ್ಲಿ ಮುಳುಗಿದ ಊರುಗಳದ್ದು ಇನ್ನೊಂದು ಕಥೆ. ಕೃಷ್ಣರಾಜಸಾಗರದಲ್ಲಿ ಹಳೇ ಕನ್ನಂಬಾಡಿ, 1964ರಲ್ಲಿ ಮುಗಿದ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಊರುಗಳು, ಹೇಮಾವತಿಯಲ್ಲಿ ಶೆಟ್ಟಿಹಳ್ಳಿ, ಆಲಮಟ್ಟಿಯಿಂದ ಬಾಗಲಕೋಟೆಯ ಹಳೇ ಭಾಗ. ಈ ಕುಟುಂಬಗಳು ಭೂಸ್ವಾಧೀನದ ಐತೀರ್ಪು (ಪರಿಹಾರ ನಿಗದಿ ಮಾಡಿದ ಆದೇಶ) ಹುಡುಕಬೇಕು. ಪರಿಹಾರ ಕೊಡಲು ಮನೆ, ಬಾವಿ, ಮರ ಎಲ್ಲವನ್ನೂ ಅಳೆದು ಬೆಲೆ ಕಟ್ಟಿರುತ್ತಾರೆ. ಇವತ್ತಿಗೂ ನಿಂತಿರುವ ಎಷ್ಟೋ ಮನೆಗಳಿಗೆ ಅಷ್ಟು ವಿವರವಾದ ದಾಖಲೆ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವು ಕಡೆ ಅಡಿಪಾಯ ಮೇಲೆ ಬರುತ್ತದೆ. ಒಬ್ಬರೇ ಹೋಗಬೇಡಿ, ಕೆಸರು ನೋಡಲು ಗಟ್ಟಿಯಾಗಿ ಕಂಡರೂ ಕಾಲು ಹೂತುಹೋಗುತ್ತದೆ.

ಹತ್ತನೇ ಹೆಜ್ಜೆ: ಊರಿಗೆ ಹೋಗುವ ದಿನ

ನೀವು ಹಳೇ ಮನೆ ಹುಡುಕಿಕೊಂಡು ಬಂದಿದ್ದೀರಿ ಅಂದ ತಕ್ಷಣ ಅಲ್ಲಿರುವವರ ಎದೆ ಧಸಕ್ ಅನ್ನುತ್ತದೆ. ಆಸ್ತಿ ಕೇಳೋಕೆ ಬಂದರು ಅಂತ ಭಯ. ಅದು ತಪ್ಪಲ್ಲ. ಆದ್ದರಿಂದ ಮೊದಲ ಮಾತೇ "ನಮ್ಮಜ್ಜ ಇದ್ದ ಜಾಗ ನೋಡಿ ಹೋಗೋಣ ಅಂತ ಬಂದ್ವಿ, ಬೇರೇನೂ ಇಲ್ಲ" ಅಂತ ಇರಲಿ. ಹಣ್ಣು ತೆಗೆದುಕೊಂಡು ಹೋಗಿ. ಮನೆಯ ಹಿರಿಯರನ್ನೋ ಹೆಂಗಸರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಕ್ರಯಪತ್ರದ ನಕಲನ್ನು ಮೊದಲ ದಿನ ಹೊರಗೆ ತೆಗೆಯಬೇಡಿ. ಸರ್ವೆಯವರನ್ನು ಕರೆದುಕೊಂಡು ಹೋಗುವುದಂತೂ ಬೇಡವೇ ಬೇಡ.

ನಾನು ಊರ ಮುಂದಿನ ಅಂಗಡಿಯಲ್ಲಿ ಕೇಳಿದ್ದು "ಕಮ್ಮಾರರ ಕುಲುಮೆ ಎಲ್ಲಿತ್ತು?" ಅಂತ ಅಷ್ಟೇ. ಅಜ್ಜನ ಹೆಸರು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕುಲುಮೆ ಎಲ್ಲರಿಗೂ ಗೊತ್ತಿತ್ತು. ಅದೇ ಮನೆತನದ ಮೊಮ್ಮಗ ಅದೇ ಜಾಗದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಅವರ ಅಜ್ಜಿ ಒಳಗಿಂದ ಬಂದು ಪಶ್ಚಿಮಕ್ಕೆ ಕೈ ತೋರಿಸಿದರು. ಅಲ್ಲಿ ಈಗ ಆರ್‌ಸಿಸಿ ಮನೆ ಇದೆ. ಆ ಮನೆಯವರು ಕಾಫಿ ಕೊಟ್ಟರು, ಹಿತ್ತಲು ತೋರಿಸಿದರು. ತೆಂಗಿನ ಮರದ ಬುಡದಲ್ಲಿ ಒಂದು ಒಳಕಲ್ಲು ಇತ್ತು. ಹಳೇ ಮನೆ ಕೆಡವಿದಾಗ ನೆಲದಿಂದ ಕಿತ್ತು ಅಲ್ಲಿಟ್ಟಿದ್ದರಂತೆ, ಈಗ ಕೋಳಿಗೆ ನೀರಿಡುತ್ತಾರೆ. ಬಾಯಿಯ ಒಂದು ಕಡೆ ಚಕ್ಕೆ ಎದ್ದಿತ್ತು. ಬೆರಳಿಟ್ಟು ನೋಡಿದೆ. ಅಂಚು ಇನ್ನೂ ಚೂಪಾಗಿಯೇ ಇತ್ತು.

ಮನೆ ಕೆಡವಿದ್ದರೂ ಇಂಥ ಗುರುತು ಉಳಿದಿರುತ್ತದೆ. ಕಂಬ, ತೊಲೆ, ಬಾಗಿಲುವಾಡಗಳನ್ನು ಜನ ಮಾರುತ್ತಾರೆ ಅಥವಾ ಹೊಸ ಮನೆಗೆ ಬಳಸುತ್ತಾರೆ. ಕಲ್ಲುಗಳು ಮಾತ್ರ ಹಿತ್ತಲಲ್ಲೇ ಬಿದ್ದಿರುತ್ತವೆ. ಹೆಂಚಿನ ಚೂರು ಸಿಕ್ಕರೆ ತಿರುಗಿಸಿ ನೋಡಿ. ಮಂಗಳೂರು ಹೆಂಚಿನ ಹಿಂದೆ ಕಾರ್ಖಾನೆಯ ಮುದ್ರೆ ಇರುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆದ್ದರಿಂದ ಅಂಥ ಹೆಂಚಿನ ಚಾವಣಿ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಕೊನೆಯ ಹೆಜ್ಜೆ: ಹೌದಾ ಅಂತ ಪರೀಕ್ಷಿಸಿ, ಬರೆದಿಡಿ

ಒಂದೇ ಗುರುತು ನಂಬಿ ಕೂರಬೇಡಿ. ಚಕ್ಕೆ ಎದ್ದ ಒಳಕಲ್ಲು ಊರಲ್ಲಿ ಹತ್ತು ಇರಬಹುದು. ಒಂದು ಕಾಗದ, ಒಬ್ಬರ ನೆನಪು, ನೆಲದ ಮೇಲಿನ ಒಂದು ಗುರುತು, ಈ ಮೂರೂ ಒಂದೇ ಜಾಗ ತೋರಿಸಿದರೆ ಮಾತ್ರ "ಇದೇ" ಅಂತ ಬರೆಯಿರಿ. ಎರಡೇ ಹೊಂದಿದರೆ "ಇರಬಹುದು" ಅಂತ ಬರೆಯಿರಿ.

ಫೋಟೋ ತೋರಿಸುವಾಗ ಹಿರಿಯರಿಗೆ ಮೊದಲೇ ಏನೂ ಹೇಳಬೇಡಿ. ನಾನು ದೊಡ್ಡತ್ತೆಗೆ ಹಿತ್ತಲಿನ ಹತ್ತು ಫೋಟೋ ಸುಮ್ಮನೆ ಒಂದೊಂದಾಗಿ ತೋರಿಸಿದೆ. ಏಳನೆಯದಕ್ಕೆ ಮೊಬೈಲು ಕೈಯಿಂದ ತೆಗೆದುಕೊಂಡು ಹತ್ತಿರ ಹಿಡಿದು ನೋಡಿದರು. "ಇದನ್ನ ಯಾರು ಹೊರಗೆ ಹಾಕಿದ್ದು?" ಅಂದರು.

ಆ ಜಾಗದ ಅಕ್ಷಾಂಶ ರೇಖಾಂಶ ಮೊಬೈಲಿನಿಂದ ಬರೆದುಕೊಳ್ಳಿ. ನಾಲ್ಕೂ ದಿಕ್ಕಿಗೆ ನಿಂತು ಒಂದೊಂದು ಫೋಟೋ ತೆಗೆಯಿರಿ. ಈಗಿನ ಚಕ್ಕುಬಂದಿ ಬರೆಯಿರಿ, ಪಕ್ಕದಲ್ಲಿ ಹಳೆಯದನ್ನೂ ಬರೆಯಿರಿ. ಈಗ ಅಲ್ಲಿರುವವರ ಒಪ್ಪಿಗೆ ಇಲ್ಲದೆ ಅವರ ಮನೆಯ ಫೋಟೋ ವಾಟ್ಸ್‌ಆ್ಯಪಿಗೆ ಹಾಕಬೇಡಿ. ಎಲ್ಲವನ್ನೂ ಮೂರು ಪ್ರತಿ ಮಾಡಿ. ಒಂದು ನಿಮಗೆ, ಒಂದು ದಾಯಾದಿಗಳಿಗೆ. ಮೂರನೆಯದನ್ನು ಕುಲುಮೆಯ ಮನೆಯವರಿಗೆ ಕೊಟ್ಟು ಬಂದೆ. ಅವರ ಅಜ್ಜನ ಹೆಸರೂ ಅದರಲ್ಲಿದೆ.